‘ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ ಡಾಕ್ಟ್ರೇ’

ಪ್ರಶ್ನೆ: ಅಮ್ಮನಿಗೆ 62 ವರ್ಷ, ಅಂಡಾಶಯದ ಕ್ಯಾನ್ಸರ್. ಎತ್ತರ 150 ಸೆಂ.ಮೀ. 52 ಕೆ.ಜಿ. ಇದ್ದವರು 38ಕ್ಕೆ ಇಳಿದಿದ್ದಾರೆ. ಕ್ರಿಯಾಟಿನಿನ್ 0.5, ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) 106. ಕಿಡ್ನಿ ಇಷ್ಟು ಚೆನ್ನಾಗಿದ್ದರೂ ಕೀಮೋಗೆ ಮುಂಚೆ ಸಿಸ್ಟಾಟಿನ್ ಸಿ ಟೆಸ್ಟ್ ಬರೆದಿದ್ದಾರೆ. ದುಡ್ಡು ಹೊಡೆಯಲಿಕ್ಕಾ? (ತೀರ್ಥಹಳ್ಳಿ)

ಅಲ್ಲ. ಬರೆದವರು ತಲೆ ಓಡಿಸಿದ್ದಾರೆ. ಇದೇ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ, ಆದ್ದರಿಂದ ಈ ಸಲ ಜಾಗವೆಲ್ಲ ಇದಕ್ಕೇ.

ಕ್ರಿಯಾಟಿನಿನ್ ಎಂಬ ಕಸ ಹುಟ್ಟುವುದು ಮಾಂಸಖಂಡದಲ್ಲಿ, ಅದನ್ನು ಸೋಸಿ ಹೊರಹಾಕುವುದು ಕಿಡ್ನಿ. ಮಾಂಸವೇ ಕರಗಿದರೆ ಹುಟ್ಟುವುದೂ ಕಡಿಮೆ, ಕಿಡ್ನಿ ಸೋತಿದ್ದರೂ ರಿಪೋರ್ಟ್ ಚೆಂದ ಕಾಣುತ್ತದೆ. ಹೊಸನಗರದ ಕಡೆಯ ಅಜ್ಜಿಯೊಬ್ಬರು ಬಿಪಿ ನೋಡಿಸಲು ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರಿದವು. ಮಗ ಫೈಲ್ ತೆರೆದು, “ಹೋದ ಸಲ 0.8, ಈಗ 0.5. ಸುಧಾರಿಸಿದೆ ಅಲ್ವಾ ಸಾರ್?” ಅಂದ. ಸುಧಾರಿಸಿದ್ದು ಎಲ್ಲಿ ಮಾರಾಯ, ಅಮ್ಮನ ಕೈ ನೋಡು ಅಂದೆ.

ಲ್ಯಾಬಿನವರ 106 ಇರುವುದು ಮೈಯ ಹೊರ ವಿಸ್ತೀರ್ಣ 1.73 ಚದರ ಮೀಟರ್ ಇರುವವರ ಲೆಕ್ಕದಲ್ಲಿ. ನಿಮ್ಮ ಅಮ್ಮನದು ಸುಮಾರು 1.26. ಅದಕ್ಕೆ ಹೊಂದಿಸಿದರೆ 77. ತೂಕ ಸೇರಿಸಿ ಲೆಕ್ಕ ಹಾಕುವ 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ 70. ಕಾರ್ಬೋಪ್ಲಾಟಿನ್ ಎಂಬ ಕೀಮೋ ಔಷಧದ ಡೋಸ್ ನಿಲ್ಲುವುದೇ ಈ ಅಂಕಿಯ ಮೇಲೆ: ಅದಕ್ಕೆ 25 ಕೂಡಿಸಿ, ಎಯುಸಿ ಗುರಿಯಿಂದ (ರಕ್ತಕ್ಕೆ ಒಟ್ಟು ಎಷ್ಟು ಔಷಧ ತಾಗಬೇಕೆಂಬ ಅಳತೆ) ಗುಣಿಸುತ್ತಾರೆ. ಗುರಿ 5 ಎಂದರೆ 106ಕ್ಕೆ 655 ಮಿ.ಗ್ರಾಂ., 77ಕ್ಕೆ 510, 70ಕ್ಕೆ 475. ರಕ್ತ ಒಂದೇ, ವ್ಯತ್ಯಾಸ 180 ಮಿ.ಗ್ರಾಂ. ಹೆಚ್ಚಾದರೆ ಪ್ಲೇಟ್‌ಲೆಟ್ ನೆಲಕಚ್ಚುತ್ತದೆ, ಕಡಿಮೆಯಾದರೆ ಕ್ಯಾನ್ಸರ್‌ಗೆ ಏಟು ಸಾಲದು. ಈ ಮೂರೂ ನಿಂತಿರುವುದು ಅದೇ 0.5ರ ಮೇಲೆ, 70 ಕೂಡ ಜಾಸ್ತಿಯೇ ಇರಬಹುದು.

ಸಿಸ್ಟಾಟಿನ್ ಸಿ ಎಂಬ ಪ್ರೋಟೀನ್ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಿಂದಲೂ ಬರುತ್ತದೆ, ಮಾಂಸಖಂಡದ ಹಂಗು ಕಡಿಮೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಸತ್ಯಕ್ಕೆ ಹತ್ತಿರ. ಆದರೆ ಸ್ಟಿರಾಯ್ಡ್, ಥೈರಾಯ್ಡ್ ತೊಂದರೆ ಇದನ್ನೂ ಏರುಪೇರು ಮಾಡುತ್ತವೆ, ಮುಚ್ಚಿಡದೆ ಹೇಳಿ. ಎರಡೂ ತಾಳೆಯಾಗದಿದ್ದರೆ ಡಿಟಿಪಿಎ ಸ್ಕ್ಯಾನಿನಂಥದ್ದರಿಂದ ಕಿಡ್ನಿ ಸೋಸುವುದನ್ನೇ ನೇರವಾಗಿ ಅಳೆಯಬೇಕು. ನಾನು ಪುಕ್ಕಲ ಅನ್ನಿ, ಇಷ್ಟು ಸೊರಗಿದವರಿಗೆ ಬರೀ ಕ್ರಿಯಾಟಿನಿನ್ ನಂಬಿ ಸಹಿ ಹಾಕುವುದಿಲ್ಲ.

ಇನ್ನೊಂದು. ಕೀಮೋ ದಿನ ತೂಕದ ಯಂತ್ರದ ಮೇಲೆ ನಿಲ್ಲಿಸಿ. ಹಳೇ ಚೀಟಿಯ 52 ಬರೆಸಿದರೆ ಆ 70 ಹೋಗಿ 96 ಆಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಆ ತೂಕವೂ ಸುಳ್ಳು.

ಪ್ರಶ್ನೆ: ಕೀಮೋ ನಡುವೆ ಧಾರೆಹುಳಿ ಜ್ಯೂಸ್ ಕುಡಿಯಬಹುದೇ? (ಸಾಗರ)

ಬೇಡ. ಅದರ ಆಕ್ಸಲೇಟ್ ಕಿಡ್ನಿಯನ್ನೇ ಕೆಡಿಸಬಲ್ಲದು.

ಪ್ರಶ್ನೆ: ಬಾಳೆದಿಂಡಿನ ರಸದಿಂದ ಕ್ರಿಯಾಟಿನಿನ್ ಇಳಿಯುತ್ತದಾ?

ಇಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಲ್ಲದಿದ್ದರೆ ಪಲ್ಯ ಮಾಡಿ ತಿನ್ನಿ.

ಪ್ರಶ್ನೆ: ನಾಟಿ ಪುಡಿ, ಪಥ್ಯದಿಂದ ಅಪ್ಪನ ಕ್ರಿಯಾಟಿನಿನ್ 1.4ರಿಂದ 0.9ಕ್ಕೆ ಬಂತು. ನೀವೇಕೆ ಒಪ್ಪುವುದಿಲ್ಲ?

ಅಷ್ಟರಲ್ಲಿ ತೂಕ ಎಷ್ಟು ಇಳಿಯಿತೆಂದು ನೀವು ಬರೆದಿಲ್ಲ. ಪುಡಿಯಲ್ಲಿ ಏನಿದೆಯೆಂದು ಕೊಟ್ಟವರೂ ಹೇಳಿಲ್ಲ. ಮುಂದಿನ ಸಲ ಆ ಪೊಟ್ಟಣವನ್ನೂ ಫೈಲಿನ ಜೊತೆ ತನ್ನಿ.