ಸವೆದ ಗಿಟಾರ್, ಸವೆಸಿದ ಗಿಟಾರ್

ವಾದ್ಯಗಳನ್ನು ಕುರಿತು ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಮೂರು ಒಂದೇ ವಿಷಯವನ್ನು ಮುಟ್ಟಿರುವುದರಿಂದ, ಈ ಸಂಚಿಕೆಯಲ್ಲಿ ಅವಕ್ಕೆ ಮಾತ್ರ ಉತ್ತರಿಸಿದ್ದೇನೆ.

ಪ್ರಶ್ನೆ: ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ, ವಾರಾಂತ್ಯದಲ್ಲಿ ಗೆಳೆಯರ ತಂಡದೊಡನೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಇತ್ತೀಚೆಗೆ ಅಂಗಡಿಯೊಂದರಲ್ಲಿ ಬಣ್ಣ ಕಿತ್ತು, ಮರ ಕಾಣುವಂತಿದ್ದ, ಸ್ಕ್ರೂಗಳಿಗೆ ತುಕ್ಕು ಹಿಡಿದಿದ್ದ ಗಿಟಾರೊಂದನ್ನು ಕಂಡೆ. ಅದು ಹಳೆಯದಲ್ಲ, ಕಾರ್ಖಾನೆಯಲ್ಲೇ ಹಾಗೆ ಮಾಡಿದ ಹೊಚ್ಚಹೊಸ ‘ರೆಲಿಕ್’ ಎಂದರು. ಅದೇ ಮಾದರಿಯ ಹೊಳೆಯುವ ಗಿಟಾರಿಗಿಂತ ಅದರ ಬೆಲೆ ಹೆಚ್ಚು. ಆದರೂ ಕೈಗೆತ್ತಿಕೊಂಡ ಮೇಲೆ ಕೆಳಗಿಡಲು ಮನಸ್ಸಾಗಲಿಲ್ಲ. ತಂಡದವರೆಲ್ಲ ಗೇಲಿ ಮಾಡುತ್ತಿದ್ದಾರೆ. ಹಾಳುಗೆಡವಿದ ವಸ್ತುವಿಗೆ ಹೆಚ್ಚು ಹಣ ತೆರುವುದು ಮೂರ್ಖತನವೇ? — ಹೆಸರು ಬೇಡ, ಜಯನಗರ

ಉತ್ತರ: ಮೂರ್ಖತನವೇನಲ್ಲ. ಆದರೆ ಹಣ ಎಣಿಸುವ ಮುನ್ನ, ಆ ಗಿಟಾರಿನಲ್ಲಿ ನಿಮ್ಮ ಕಣ್ಣಿಗೆ ಹಿಡಿಸಿದ್ದು ಯಾವುದು, ಕೈಗೆ ಹಿಡಿಸಿದ್ದು ಯಾವುದು ಎಂದು ಬೇರೆ ಬೇರೆಯಾಗಿ ನೋಡಿಕೊಳ್ಳಿ. ನಿಮ್ಮ ಪತ್ರವನ್ನು ಓದಿದರೆ, ಕಣ್ಣು ಅದನ್ನು ಗುರುತಿಸಿತು, ಕೈ ಅದಕ್ಕೆ ಸೋತಿತು ಎನ್ನಿಸುತ್ತದೆ. ಈ ಎರಡಕ್ಕೂ ಒಂದೇ ಬೆಲೆಯಿಲ್ಲ.

ಈ ಪದ್ಧತಿ ತೀರ ಹಳೆಯದೇನಲ್ಲ. ಅಮೆರಿಕದ ಫೆಂಡರ್ ಕಂಪನಿ 1987ರಲ್ಲಿ ತನ್ನ ಕಸ್ಟಮ್ ಶಾಪ್ ವಿಭಾಗವನ್ನು ತೆರೆಯಿತು. 1995ರಲ್ಲಿ ‘ರೆಲಿಕ್’ ಗಿಟಾರುಗಳನ್ನು ಮಾರುಕಟ್ಟೆಗೆ ತಂದಿತು. ಆ ಮೊದಲ ವರ್ಷಗಳಲ್ಲಿ ಸವೆತವನ್ನು ಮೂಡಿಸುತ್ತಿದ್ದವರು ವಿನ್ಸ್ ಕ್ಯುನೆಟ್ಟೊ ಎಂಬ ಕುಶಲಕರ್ಮಿ. 1950 ಮತ್ತು 60ರ ದಶಕಗಳ ಅಸಲಿ ಗಿಟಾರುಗಳ ಬೆಲೆ ಅಷ್ಟರಲ್ಲಿ ಗಗನಕ್ಕೇರಿದ್ದರಿಂದ, ಹಳೆಯದರ ಚಹರೆಯಿರುವ ಹೊಸದೊಂದಕ್ಕೆ ಗಿರಾಕಿಗಳು ಕಾದಿದ್ದರು. 2009ರಲ್ಲಿ ಅದೇ ಕಂಪನಿ ಮೆಕ್ಸಿಕೊದಲ್ಲಿ ತಯಾರಾದ ‘ರೋಡ್ ವೋರ್ನ್’ ಸರಣಿಯ ಮೂಲಕ ಇದನ್ನು ಕಡಿಮೆ ಬೆಲೆಗೆ ಇಳಿಸಿತು. ಗಿಬ್ಸನ್ ಕಂಪನಿಯಂತೂ ಸವೆತ ಮೂಡಿಸುವುದರಲ್ಲಿ ಹೆಸರಾದ ಟಾಮ್ ಮರ್ಫಿಯವರ ಹೆಸರಿನಲ್ಲಿ ಇದಕ್ಕೆಂದೇ ‘ಮರ್ಫಿ ಲ್ಯಾಬ್’ ಸ್ಥಾಪಿಸಿದೆ. ಅಲ್ಲಿ ಸವೆತಕ್ಕೂ ದರ್ಜೆಗಳಿವೆ: ಅತಿ ಹಗುರ, ಹಗುರ, ಭಾರಿ, ಅತಿ ಭಾರಿ. ಹೋಟೆಲಿನಲ್ಲಿ ಖಾರದ ಪ್ರಮಾಣ ಹೇಳಿದಂತೆ ನಿಮಗೆ ಬೇಕಾದಷ್ಟು ಮುಪ್ಪನ್ನು ಕೇಳಿ ಪಡೆಯಬಹುದು.

ಸಹಜ ಸವೆತ ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಳೆಯ ಅಮೆರಿಕನ್ ಗಿಟಾರುಗಳಿಗೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿಯುತ್ತಿದ್ದರು. ಅದು ತೆಳುವಾದ ಲೇಪ. ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ, ಗಡುಸಾಗುತ್ತದೆ. ಮರ ಮತ್ತು ಲ್ಯಾಕರ್ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆದ್ದರಿಂದ ಚಳಿ ದೇಶದಲ್ಲಿ ಮರಗಟ್ಟುವ ಕಾರಿನಿಂದ ಬೆಚ್ಚಗಿನ ಸಭಾಂಗಣಕ್ಕೆ ತಂದು ಪೆಟ್ಟಿಗೆಯನ್ನು ತಟ್ಟನೆ ತೆರೆದರೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. (ನಮ್ಮ ಬೆಂಗಳೂರಿನ ಹವೆಯಲ್ಲಿ ಅಂಥ ಬಿರುಕು ಅಷ್ಟು ಸುಲಭವಾಗಿ ಬೀಳುವುದಿಲ್ಲ, ಇಲ್ಲಿ ಗಿಟಾರನ್ನು ಕಾಡುವುದು ಮಳೆಗಾಲದ ತುಕ್ಕು ಮತ್ತು ಬೇಸಿಗೆಯ ಒಣಹವೆ.) ಇನ್ನು ಬಣ್ಣ ಹೋಗುವುದು ಮೈ ತಾಗುವ ಕಡೆ. ಬಲಗೈಯವರ ಗಿಟಾರಾದರೆ ಮುಂಗೈ ಒರಗುವ ಮೇಲಂಚಿನಲ್ಲಿ, ಬೆಲ್ಟಿನ ಬಕಲ್ ಉಜ್ಜುವ ಬೆನ್ನಿನಲ್ಲಿ. ತಂತಿಯನ್ನು ಬೆರಳಿನಿಂದ ಒತ್ತುವ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್, ಮೇಪಲ್ ಮರದ್ದಾದರೆ ಅದರ ಮೇಲೂ ಲ್ಯಾಕರ್ ಇರುವುದರಿಂದ, ಬೆರಳು ಹೆಚ್ಚು ಓಡಾಡುವ ಮನೆಗಳಲ್ಲಿ ಅದು ಸವೆದು ಬೂದುಬಣ್ಣದ ಕಲೆಗಳಾಗುತ್ತವೆ. ನಮ್ಮ ಮಲೆನಾಡಿನ ಬೀಟೆ ಮರದ ಫಿಂಗರ್‌ಬೋರ್ಡಿನಲ್ಲಿ ಈ ಕಲೆಗಳನ್ನು ಕಾಣಲಾರಿರಿ. ಅದಕ್ಕೆ ಸಾಮಾನ್ಯವಾಗಿ ಲ್ಯಾಕರ್ ಬಳಿಯುವುದೇ ಇಲ್ಲ.

ಸಹಜ ಸವೆತದ ಪರಾಕಾಷ್ಠೆ ನೋಡಬೇಕಾದರೆ ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ ಅವರ 1961ರ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಚಿತ್ರವನ್ನು ನೋಡಿ. 1963ರಲ್ಲಿ ಕಾರ್ಕ್ ನಗರದ ಅಂಗಡಿಯೊಂದರಲ್ಲಿ ಸುಮಾರು 100 ಪೌಂಡಿಗೆ ಕೊಂಡ ಆ ಗಿಟಾರನ್ನು ಅವರು 1995ರಲ್ಲಿ ತೀರಿಕೊಳ್ಳುವವರೆಗೂ ನುಡಿಸಿದರು. ಬೆವರು, ಪ್ರವಾಸ, ಒಮ್ಮೆ ಕಳುವಾಗಿ ಮತ್ತೆ ಸಿಕ್ಕ ಪ್ರಸಂಗ, ಇವೆಲ್ಲ ಸೇರಿ ಅದರ ಮೈಯಲ್ಲಿ ಉಳಿದ ಬಣ್ಣಕ್ಕಿಂತ ಹೋದ ಬಣ್ಣವೇ ಹೆಚ್ಚು. 2024ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 7 ಲಕ್ಷ ಪೌಂಡಿಗೆ ಕೂಗಲ್ಪಟ್ಟು, ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪಾಲಾಯಿತು. ಫೆಂಡರ್ ಕಂಪನಿ ಅದರ ಗಾಯಗಳನ್ನೆಲ್ಲ ನಕಲಿಸಿದ ಪ್ರತಿಗಳನ್ನು ಮಾಡಿ ಮಾರಿದೆ. ಆ ಪ್ರತಿಗಳಲ್ಲಿ ಮಾಟ ಬಲು ಚೆನ್ನಾಗಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬೇರೊಬ್ಬರ ಮುಂಗೈ ಒರಗಿದ ಜಾಗದಲ್ಲಿ ನಿಮ್ಮ ಮುಂಗೈ ಒರಗಬೇಕೆಂದೇನೂ ಇಲ್ಲವಲ್ಲ!

ಕೃತಕ ಸವೆತದ ಕಸುಬು ಇವನ್ನೆಲ್ಲ ಗಮನಿಸಿಯೇ ಬೆಳೆದಿದೆ. ಲ್ಯಾಕರನ್ನು ತಣಿಸಿಯೋ, ಬ್ಲೇಡಿನ ಮೊನೆಯಿಂದ ಗೀರಿಯೋ ಬಿರುಕು ಮೂಡಿಸುತ್ತಾರೆ; ಲೋಹದ ಬಿಡಿಭಾಗಗಳನ್ನು ಆಮ್ಲದ ಹಬೆಗೆ ಒಡ್ಡಿ ಹೊಳಪು ತೆಗೆಯುತ್ತಾರೆ; ಬಣ್ಣ ಹೋಗಬೇಕಾದ ಕಡೆ ಉಜ್ಜಿ, ಬೆತ್ತಲೆ ಮರಕ್ಕೆ ಕೊಳೆಯ ಛಾಯೆ ಕೊಡುತ್ತಾರೆ. ಒಳ್ಳೆಯ ಕೈಯಾದರೆ ಉಜ್ಜಿದ ಜಾಗದ ಅಂಚು ಲೇಪದಿಂದ ಮರಕ್ಕೆ ನಯವಾಗಿ ಇಳಿಯುತ್ತದೆ. ಅವಸರದ ಕೈಯಾದರೆ ಅಂಚು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಅಂಗಡಿಗೆ ಮತ್ತೆ ಹೋದಾಗ ಬೆಳಕಿಗೆ ಓರೆಯಾಗಿ ಹಿಡಿದು ಇದೊಂದನ್ನು ನೋಡಿ.

ಆದರೆ ಇದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಫಿಂಗರ್‌ಬೋರ್ಡಿನ ಅಡ್ಡಕ್ಕೆ ಕೂರಿಸಿರುವ ಲೋಹದ ಪಟ್ಟಿಗಳನ್ನು, ಅಂದರೆ ಫ್ರೆಟ್‌ಗಳನ್ನು. ಮೂವತ್ತು ವರ್ಷ ನಿಜವಾಗಿ ನುಡಿಸಿದ ಗಿಟಾರಿನಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಅವೇ. ತಂತಿಯ ಕೆಳಗೆ ಲೋಹದಲ್ಲಿ ಹಳ್ಳ ಬಿದ್ದು ಸ್ವರ ಕರಕರ ಎನ್ನತೊಡಗುತ್ತದೆ, ವೀಣೆಗೆ ಹೊಸದಾಗಿ ಮೇಳ ಕಟ್ಟಿಸಬೇಕಾಗಿ ಬರುವ ಹಾಗೆ ಗಿಟಾರಿಗೂ ಹೊಸ ಫ್ರೆಟ್ ಹಾಕಿಸಬೇಕಾಗುತ್ತದೆ. ನೀವು ಕಂಡ ರೆಲಿಕ್ ಗಿಟಾರಿನ ಫ್ರೆಟ್‌ಗಳು ಹೊಚ್ಚಹೊಸದಾಗಿದ್ದಿರಲೇಬೇಕು. ವಾಲ್ಯೂಮ್ ಗುಂಡಿ ತಿರುಗಿಸಿದರೆ ಗರಗರ ಸದ್ದೂ ಬಂದಿರಲಾರದು. ಅಂದರೆ ನೋಡಲು ಚೆಂದವಾದ ಸವೆತವನ್ನೆಲ್ಲ ನಕಲು ಮಾಡಿ, ನುಡಿಸಲು ತೊಂದರೆ ಕೊಡುವ ಸವೆತವನ್ನು ಮಾತ್ರ ತಯಾರಕರು ಜಾಣತನದಿಂದ ಕೈಬಿಟ್ಟಿದ್ದಾರೆ. ಇದನ್ನು ಮೋಸವೆಂದು ನಾನು ಕರೆಯುವುದಿಲ್ಲ, ಗಿರಾಕಿಗೆ ಬೇಕಾದದ್ದೂ ಅದೇ. ಆದರೆ ಗೇಲಿ ಮಾಡುವ ನಿಮ್ಮ ಗೆಳೆಯರ ಮಾತಿನಲ್ಲಿ ಒಂದಿಷ್ಟು ಹುರುಳಿದ್ದರೆ ಅದು ಇಲ್ಲಿದೆ: ಆ ಗಿಟಾರಿನ ಮೇಲಿರುವ ವಯಸ್ಸು ವೇಷ.

ಈಗ ನಿಮ್ಮ ಕೈಯ ವಿಷಯ. ಹಳೆಯ ಗಿಟಾರಿನ ನೆಕ್ಕಿನ (ಕೈ ಹಿಡಿಯುವ ಉದ್ದನೆಯ ಕತ್ತಿನ) ಹಿಂಬದಿಯಲ್ಲಿ ಲ್ಯಾಕರಿನ ಅಂಟು ಗುಣ ಹೋಗಿ ಮರ ರೇಷ್ಮೆಯಷ್ಟು ನುಣುಪಾಗಿರುತ್ತದೆ. ಫಿಂಗರ್‌ಬೋರ್ಡಿನ ಎರಡೂ ಅಂಚುಗಳು ಅಂಗೈಯ ಒರಸಾಟದಿಂದ ಉರುಟಾಗಿರುತ್ತವೆ. ಒಳ್ಳೆಯ ರೆಲಿಕ್ ಗಿಟಾರಿನಲ್ಲಿ ಈ ಎರಡನ್ನೂ ಮಾಡಿರುತ್ತಾರೆ. ನೀವು ಕೆಳಗಿಡಲಾರದೆ ಹೋದದ್ದು ಬಹುಮಟ್ಟಿಗೆ ಇದರಿಂದಲೇ. ಬೆವರಿದ ಕೈ ಹೊಳಪಿನ ನೆಕ್ಕಿಗೆ ಅಂಟಿಕೊಳ್ಳುವ ಕಿರಿಕಿರಿ ಇಲ್ಲಿ ಇರುವುದಿಲ್ಲ. ಇದು ವೇಷವಲ್ಲ, ನುಡಿಸುವವರಿಗೆ ನಿಜವಾಗಿ ದಕ್ಕುವ ಲಾಭ. ಇನ್ನೊಂದು ಮಾತನ್ನೂ ಮಾರಾಟಗಾರರು ಹೇಳುತ್ತಾರೆ: ತೆಳು ಲ್ಯಾಕರಿನಿಂದ ಮರ ‘ಉಸಿರಾಡಿ’ ನಾದ ತೆರೆದುಕೊಳ್ಳುತ್ತದೆ ಎಂದು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ ಗ್ರಹಿಸುವುದು ಉಕ್ಕಿನ ತಂತಿಯ ಕಂಪನವನ್ನು. ಡ್ರಮ್ಸ್ ಪಕ್ಕದಲ್ಲಿ ಆಂಪ್ಲಿಫೈಯರ್ ಮೂಲಕ ಕೇಳುವಾಗ ಲೇಪದ ವ್ಯತ್ಯಾಸ ಯಾರ ಕಿವಿಗೂ ಮುಟ್ಟಲಾರದೆಂದು ನನ್ನ ಎಣಿಕೆ. ಆ ಮಾತಿಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಹಾಗಾಗಿ ಅಂಗಡಿಗೆ ಹೋಗಿ, ಹೊಳೆಯುವ ಮಾದರಿಯನ್ನೂ ರೆಲಿಕ್ಕನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಮೈಯ ಕಡೆ ನೋಡದೆ ನೆಕ್ ಮೇಲೆ ಮಾತ್ರ ಕೈಯಾಡಿಸಿ ನೋಡಿ. ಹೊಳೆಯುವುದರ ನೆಕ್ಕೂ ಹಿಡಿಸಿದರೆ ಅದನ್ನೇ ಕೊಳ್ಳಿ. ಅಂಟುತ್ತದೆ ಎನ್ನಿಸಿದರೆ, ನೆಕ್ಕಿನ ಹಿಂಬದಿಯ ಹೊಳಪು ತೆಗೆದು ಅಂಚು ಉರುಟು ಮಾಡಿಕೊಡುವ ರಿಪೇರಿಯವರು ಬೆಂಗಳೂರಿನಲ್ಲಿದ್ದಾರೆ, ಅದರ ಕೂಲಿ ಎರಡು ಗಿಟಾರುಗಳ ಬೆಲೆಯ ಅಂತರಕ್ಕಿಂತ ಬಹಳ ಕಡಿಮೆ. ಇಷ್ಟೆಲ್ಲ ಆದ ಮೇಲೂ ಕಿತ್ತ ಬಣ್ಣದ ಗಿಟಾರೇ ಮನಸ್ಸಿನಲ್ಲಿ ಉಳಿದರೆ, ಅದರ ಚೆಂದಕ್ಕಾಗಿ ಕೊಳ್ಳುತ್ತಿದ್ದೇನೆಂದು ಒಪ್ಪಿಕೊಂಡು ಕೊಳ್ಳಿ. ಅದರಲ್ಲಿ ಒಂದು ಅನುಕೂಲವೂ ಇದೆ. ಹೊಳೆಯುವ ಗಿಟಾರಿಗೆ ಮೊದಲ ಗೀರು ಬೀಳುವವರೆಗೆ ಅದನ್ನು ಮಗುವಿನಂತೆ ಕಾಯುವವರು ನಮ್ಮಲ್ಲಿ ಬಹಳ ಮಂದಿ. ರೆಲಿಕ್ ಗಿಟಾರು ಆ ಆತಂಕವನ್ನು ಮೊದಲ ದಿನವೇ ಕಳೆದುಬಿಡುತ್ತದೆ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ, ನಾವು ಕೊಡಿಸಿದ ಹೊಸ ಗಿಟಾರನ್ನು ಹಳೆಯದರಂತೆ ಕಾಣಿಸಲು ಸ್ಯಾಂಡ್‌ಪೇಪರ್ ಮತ್ತು ಆ್ಯಸಿಡ್ ತಂದಿಟ್ಟುಕೊಂಡಿದ್ದಾನೆ. ತಡೆಯಲೇ, ಬಿಡಲೇ? — ಒಬ್ಬ ತಾಯಿ, ಮಲ್ಲೇಶ್ವರ

ಉತ್ತರ: ಆ್ಯಸಿಡನ್ನು ಇವತ್ತೇ ಮನೆಯಿಂದ ಹೊರಗೆ ಹಾಕಿಸಿ, ತಾಯಿ. ಅದರ ಹಬೆ ಕಣ್ಣು, ಶ್ವಾಸಕೋಶಗಳಿಗೆ ಕೇಡು. ಮುಚ್ಚಿದ ಕೋಣೆಯಲ್ಲಂತೂ ಖಂಡಿತ ಸಲ್ಲದು. ಗಿಟಾರಿನ ಒಳಗಿನ ವೈರು, ಸ್ವಿಚ್ಚುಗಳಿಗೂ ಆ ಹಬೆ ತಗುಲಿದರೆ ತುಕ್ಕು ಅಲ್ಲಿಗೇ ನಿಲ್ಲುವುದಿಲ್ಲ.

ಇನ್ನು ಸ್ಯಾಂಡ್‌ಪೇಪರ್. ಮಗನಿಗೆ ಹೀಗೆ ತಿಳಿಸಿ: ಸಾಮಾನ್ಯ ಬೆಲೆಯ ಗಿಟಾರುಗಳಿಗೆ ಈಗ ಬಳಿಯುವುದು ನೈಟ್ರೋ ಲ್ಯಾಕರ್ ಅಲ್ಲ, ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್. ಫೆಂಡರ್ ಕಂಪನಿಯೇ 1960ರ ದಶಕದ ಕೊನೆಗೆ ಪಾಲಿಯೆಸ್ಟರಿಗೆ ಬದಲಾಯಿತು. ಅದು ದಪ್ಪ ಪ್ಲಾಸ್ಟಿಕ್ಕಿನಂಥ ಲೇಪ. ನವಿರಾಗಿ ಸವೆಯುವುದಿಲ್ಲ, ಪೆಟ್ಟು ಬಿದ್ದರೆ ಚಕ್ಕೆಯೇಳುತ್ತದೆ. ಎಷ್ಟು ಉಜ್ಜಿದರೂ ಹಳೆಯ ಗಿಟಾರಿನ ಚಹರೆ ಬರದೆ, ಉಜ್ಜಿದ ಗಿಟಾರಿನ ಚಹರೆ ಮಾತ್ರ ಬರುತ್ತದೆ. ವಾರಂಟಿ ಹೋಗುತ್ತದೆ, ಮುಂದೆ ಮಾರುವಾಗ ಬೆಲೆಯೂ ಇಳಿಯುತ್ತದೆ. ಅವನ ಕೈ ಏನಾದರೂ ಮಾಡಲೇಬೇಕೆಂದು ತುರಿಸುತ್ತಿದ್ದರೆ, ತಂತಿಗಳನ್ನು ಬಿಚ್ಚಿ, ನೆಕ್ಕಿನ ಹಿಂಬದಿಯನ್ನು ಅತಿ ನಯವಾದ ನೈಲಾನ್ ಪ್ಯಾಡಿನಿಂದ ಮರದ ಎಳೆಯ ಉದ್ದಕ್ಕೆ ಹಗುರವಾಗಿ ಉಜ್ಜಲಿ; ಹೊಳಪು ಮಾತ್ರ ಹೋಗಬೇಕು, ಲೇಪ ಉಳಿಯಬೇಕು. ಉಕ್ಕಿನ ನಾರು ಬಳಸುವುದಾದರೆ ಪಿಕಪ್‌ಗಳ ಮೇಲೆ ಟೇಪ್ ಅಂಟಿಸಿರಬೇಕು, ಇಲ್ಲವಾದರೆ ಉದುರಿದ ಕಬ್ಬಿಣದ ಪುಡಿಯನ್ನೆಲ್ಲ ಅಲ್ಲಿನ ಅಯಸ್ಕಾಂತ ಸೆಳೆದುಕೊಳ್ಳುತ್ತದೆ, ಮತ್ತೆ ಬಿಡಿಸುವುದು ಕಡುಕಷ್ಟ.

ಪ್ರಶ್ನೆ: ಪರಿಚಯದವರ ಮೂಲಕ ‘1960ರ ದಶಕದ ಅಸಲಿ ಫೆಂಡರ್’ ಎಂದು ಒಂದು ಗಿಟಾರ್ ಮಾರಾಟಕ್ಕೆ ಬಂದಿದೆ. ಚೆನ್ನಾಗಿ ಸವೆದಿದೆ. ನಂಬಬಹುದೇ? — ಓದುಗರು, ಬಸವನಗುಡಿ

ಉತ್ತರ: ಮೇಲಿನ ಸವೆತವನ್ನು ನೋಡಿ ನಂಬಬೇಡಿ, ಅದನ್ನು ಎಷ್ಟು ಚೆನ್ನಾಗಿ ಮಾಡಬಹುದೆಂದು ಈಗಾಗಲೇ ಹೇಳಿದ್ದೇನೆ. ಪಿಕ್‌ಗಾರ್ಡನ್ನು (ಮುಂಬದಿಯ ರಕ್ಷಾಫಲಕವನ್ನು) ಬಿಚ್ಚಿಸಿ, ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳ (ಗುಂಡಿಗಳ ಕೆಳಗೆ ಒಳಗಿರುವ ನಿಯಂತ್ರಕಗಳ) ಲೋಹದ ಮೈಮೇಲೆ ಅಚ್ಚೊತ್ತಿರುವ ಅಂಕಿಗಳನ್ನು ಓದಿ. 137 ಎಂದು ಆರಂಭವಾದರೆ ಸಿಟಿಎಸ್ ಕಂಪನಿಯದು, 304 ಎಂದಾದರೆ ಸ್ಟ್ಯಾಕ್‌ಪೋಲ್ ಕಂಪನಿಯದು. ಆ ಕಾಲದ ಏಳಂಕಿಯ ಸಂಕೇತದಲ್ಲಿ ಮುಂದಿನ ಎರಡು ಅಂಕಿ ವರ್ಷ, ಕೊನೆಯ ಎರಡು ವಾರ. ಉದಾಹರಣೆಗೆ 3046422 ಎಂದಿದ್ದರೆ 1964ರ 22ನೆಯ ವಾರ. ಪಾಟ್ ತಯಾರಾದ ಮೇಲೆ ಗಿಟಾರಿಗೆ ಸೇರುವುದಷ್ಟೇ ಸಾಧ್ಯವಾದ್ದರಿಂದ, ಅಸಲಿ ಪಾಟ್ ಗಿಟಾರಿಗಿಂತ ಕಿರಿಯದಾಗಿರಲು ಬರುವುದಿಲ್ಲ. ಕಿರಿಯದಾಗಿದ್ದರೆ ಒಂದೋ ರಿಪೇರಿಯಲ್ಲಿ ಬದಲಾಗಿದೆ, ಇಲ್ಲವೇ ಕಥೆಯೇ ಬೇರೆ. ಬೆಸುಗೆ ಹೊಸದಾಗಿ ಮಿರುಗುತ್ತಿದೆಯೇ ಎಂಬುದನ್ನೂ ನೋಡಿ. ಬಳಿಕ ನೆಕ್ಕನ್ನು ಕಳಚಿಸಿ, ಅದರ ಬುಡದಲ್ಲಿ ತಾರೀಖು ಇದೆಯೇ, ಅದು ಪಾಟ್‌ಗಳ ವರ್ಷದೊಡನೆ ಹೊಂದುತ್ತದೆಯೇ ಎಂದು ತಾಳೆ ನೋಡಿ. ಬಿಚ್ಚುವ ಕೆಲಸವನ್ನು ನೀವೇ ಮಾಡದೆ, ಹಳೆಯ ಗಿಟಾರುಗಳನ್ನು ಬಲ್ಲ ರಿಪೇರಿಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಮಾರುವವರು ಬಿಚ್ಚಲು ಬಿಡುವುದಿಲ್ಲ ಎಂದರೆ, ಅದನ್ನು ಬಳಸಿದ ಒಂದು ಸಾಧಾರಣ ಗಿಟಾರ್ ಎಂದಷ್ಟೇ ಎಣಿಸಿ, ಅದಕ್ಕೆ ತಕ್ಕ ಬೆಲೆಯನ್ನೇ ಹೇಳಿ.