ನಾಲ್ಕು ನೀರಿನ ಕ್ಯಾನ್ ಹೊರುವ ಸೈಕಲ್‌ಗೆ ಯಾವ ಮೋಟಾರ್ ಹಾಕಬೇಕು?

20 ಲೀಟರಿನ ನಾಲ್ಕು ಕ್ಯಾನ್ ಹೊರುವ ಕಾರ್ಗೋ ಸೈಕಲ್‌ಗೆ ಚಕ್ರದ ನಡುವೆ ಕೂರುವ 250 ವ್ಯಾಟ್ ಹಬ್ ಮೋಟಾರ್ ಸಾಕೇ, ಪೆಡಲ್ ಬಳಿ ಕೂರುವ ಮಿಡ್‌ಡ್ರೈವ್ ಬೇಕೇ ಎಂದು ಕೇಳಿದ್ದೀರಿ. ವ್ಯಾಟ್ ಲೆಕ್ಕ ಆಮೇಲೆ ನೋಡೋಣ. ಮೊದಲು ನಿಮ್ಮ ದಾರಿಯ ಅತಿ ಕಡಿದಾದ ಏರು ಅಳೆಯಿರಿ. ಏರಿನಲ್ಲಿ ಉದ್ದನೆಯ ಹಲಗೆ ಇಟ್ಟು, ಅದರ ಮೇಲೆ ಫೋನಿನ ಲೆವೆಲ್ ಆಪ್ ತೆರೆದರೆ ಸಾಕು. 3.5 ಡಿಗ್ರಿ ತೋರಿಸಿದರೆ ಸುಮಾರು 6% ಏರು.

ಸವಾರ 65, ಬ್ಯಾಟರಿ ಸೇರಿ ಸೈಕಲ್ 45, ನೀರು 80: ಒಟ್ಟು 190 ಕೆಜಿ. 6% ಏರಿನಲ್ಲಿ ಇದನ್ನು ಮೇಲಕ್ಕೆ ತಳ್ಳಲು, ಚಕ್ರ ಉರುಳುವಾಗಿನ ತಡೆಯೂ ಸೇರಿ, ಸುಮಾರು 134 ನ್ಯೂಟನ್ ಬಲ ಬೇಕು. 26 ಇಂಚಿನ ಚಕ್ರವಾದರೆ ಅದು 44 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. 20 ಇಂಚಿನದಾದರೆ 34ರ ಆಸುಪಾಸು. ಮೋಟಾರಿನ ತಾಮ್ರದ ಸುರುಳಿಯ ಬಿಸಿ ಟಾರ್ಕಿನ ವರ್ಗಕ್ಕೆ (ಟಾರ್ಕ್ × ಟಾರ್ಕ್) ತಕ್ಕಂತೆ ಏರುತ್ತದೆ. ಹಾಗಾಗಿ ಚಿಕ್ಕ ಚಕ್ರಕ್ಕೆ ಹೋದರೆ ಅದೇ ಮೋಟಾರಿನ ಬಿಸಿ ಶೇ. 40ರಷ್ಟು ಇಳಿಯುತ್ತದೆ! ಹಿಂದಿನ ಚಕ್ರ 20 ಇಂಚು ಇರುವ ಫ್ರೇಮ್ ಸಿಗುವುದಾದರೆ ಅದನ್ನೇ ಆರಿಸಿ.

ಗಂಟೆಗೆ 10 ಕಿ.ಮೀ. ವೇಗದಲ್ಲಿ ಆ ಏರಿಗೆ ಚಕ್ರದಲ್ಲಿ 370 ವ್ಯಾಟ್ ಬೇಕು. ನೀವು ತುಳಿದು 100 ಕೊಟ್ಟರೆ ಉಳಿದ 270 ಮೋಟಾರಿನ ಪಾಲು. ಗೇರ್ ಇರುವ 250 ವ್ಯಾಟಿನ ಹಬ್ ಮೋಟಾರ್, 36 ವೋಲ್ಟ್, 15 ಆಂಪಿಯರ್ ಕಂಟ್ರೋಲರ್ (ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಅಳೆದು ಕೊಡುವ ಪೆಟ್ಟಿಗೆ) ಇದ್ದರೆ ಒಂದೆರಡು ನಿಮಿಷದ ಏರಿಗೆ ಇದು ಸಾಧ್ಯ. ಉದ್ದನೆಯ ಏರಿನಲ್ಲಿ ಒಳಗಿನ ನೈಲಾನ್ ಗೇರ್ ಬಿಸಿಗೆ ಮೆತ್ತಗಾಗಿ ಹಲ್ಲು ಸವೆಯುತ್ತದೆ. ಕೊಳ್ಳುವಾಗ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಕೇಳಿ: 20 ಇಂಚಿಗೆ 260ರ ಹತ್ತಿರ, 26 ಇಂಚಿಗೆ 200. ಅಂಗಡಿಯವರು 328ರದ್ದನ್ನು 'ಸ್ಪೀಡ್ ಜಾಸ್ತಿ' ಎಂದು ಕೊಟ್ಟರೆ ಬೇಡ ಅನ್ನಿ. ಅಷ್ಟೇ ಟಾರ್ಕಿಗೆ ಅದು ಕಂಟ್ರೋಲರಿನಿಂದ ಹೆಚ್ಚು ಕರೆಂಟ್ ಎಳೆಯುತ್ತದೆ.

ಏರು 8% ದಾಟಿದರೆ, ಮಡಿಕೇರಿಯಂಥ ಊರಾದರೆ, ಮಿಡ್‌ಡ್ರೈವ್ ಹಾಕಿ. ಅದು ಸೈಕಲ್‌ನ ಗೇರುಗಳನ್ನೇ ಬಳಸುವುದರಿಂದ ನಿಧಾನವಾಗಿ ಹತ್ತುವಾಗಲೂ ಮೋಟಾರ್ ವೇಗವಾಗಿ, ತಂಪಾಗಿ ಸುತ್ತುತ್ತದೆ. ಒಂದೇ ಗೇರಿನ ಸೈಕಲ್‌ಗೆ ಹಾಕಿದರೆ ಈ ಲಾಭ ಸಿಗುವುದಿಲ್ಲ. ಚೈನ್ ಬೇಗ ಸವೆಯುತ್ತದೆ, ಗೇರ್ ಬದಲಿಸುವಾಗ ಥ್ರಾಟಲ್ ಬಿಡಲೇಬೇಕು.

ನಮ್ಮ ದೇಶದ ನಿಯಮದಲ್ಲಿ ನೋಂದಣಿ ಬೇಡವೆನ್ನಲು ಮೋಟಾರ್ 30 ನಿಮಿಷ ಸತತವಾಗಿ ಕೊಡಬಲ್ಲ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆಜಿ ಮೀರದಂತೆ ಇರಬೇಕು.

ಹಬ್ ಮೋಟಾರಾದರೆ ಎರಡೂ ಬದಿ ಉಕ್ಕಿನ ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಪಟ್ಟಿ) ಹಾಕಿಸಿ. ಅದಿಲ್ಲದಿದ್ದರೆ ಆಕ್ಸಲ್ ತನ್ನ ಜಾಗದಲ್ಲೇ ತಿರುಗಿ ವೈರುಗಳನ್ನು ಕತ್ತರಿಸುತ್ತದೆ, ಚಕ್ರವೂ ಕಳಚಬಹುದು. ಬ್ಯಾಟರಿಯ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಸತತವಾಗಿ ಕನಿಷ್ಠ 20 ಆಂಪಿಯರ್ ಕೊಡುವಂತಿರಲಿ. ಕಡಿಮೆಯದಾದರೆ ಏರಿನ ಮಧ್ಯದಲ್ಲೇ ಕರೆಂಟ್ ಕಡಿದು ಪೂರ್ತಿ ಭಾರ ಹಿಂದಕ್ಕೆ ಜಾರುತ್ತದೆ.