ಅರ್ಥಶಾಸ್ತ್ರದ ‘ಸ್ಪೆಷಲ್ ಟಾಪಿಕ್ಸ್’ ಕೋರ್ಸ್‌ನಲ್ಲಿ ಏನು ಕಲಿಸುತ್ತಾರೆ? ಎಂ.ಎ. ಕೊನೆಯ ವರ್ಷದಲ್ಲಿ ಸೇರಬಹುದಾ?

ಇದಕ್ಕೆ ಸಾಮಾನ್ಯವಾಗಿ ಖಾಯಂ ಸಿಲಬಸ್ ಇರುವುದಿಲ್ಲ. ಪಾಠ ಮಾಡುವವರು ಸಂಶೋಧನೆ ಮಾಡುತ್ತಿರುವ ವಿಷಯವೇ ಹೆಚ್ಚಾಗಿ ಆ ಸೆಮಿಸ್ಟರಿನ ಪಾಠ.

ಉದಾಹರಣೆಗೆ ಹರಾಜು ಸಿದ್ಧಾಂತವನ್ನೇ ನೋಡಿ, ಅಂದರೆ ಹರಾಜಿನ ನಿಯಮಗಳನ್ನು ಹೇಗೆ ರೂಪಿಸಬೇಕು, ಜನ ಹೇಗೆ ಬೆಲೆ ಕಟ್ಟುತ್ತಾರೆ ಅನ್ನುವ ಅಧ್ಯಯನ. 1994ರಲ್ಲಿ ಅಮೆರಿಕ ರೇಡಿಯೊ ತರಂಗಾಂತರದ ಲೈಸೆನ್ಸುಗಳನ್ನು ಹಲವು ಸುತ್ತುಗಳ ಹರಾಜಿನಲ್ಲಿ ಮಾರಿತು. ಎಲ್ಲ ಲೈಸೆನ್ಸುಗಳಿಗೂ ಒಟ್ಟಿಗೇ ಬಿಡ್. ಪ್ರತಿ ಸುತ್ತಿನಲ್ಲೂ ಬೇರೆಯವರು ಎಷ್ಟು ಬೆಲೆ ಕಟ್ಟುತ್ತಿದ್ದಾರೆ ಅಂತ ಕಾಣುತ್ತದೆ, ಹಾಗಾಗಿ ಸುಮ್ನೆ ಜಾಸ್ತಿ ಕೊಟ್ಟು ಕೈ ಸುಟ್ಟುಕೊಳ್ಳುವ ಭಯ ಕಡಿಮೆ. ಇದನ್ನು ರೂಪಿಸಿದವರಲ್ಲಿ ಅರ್ಥಶಾಸ್ತ್ರಜ್ಞರಾದ ಪಾಲ್ ಮಿಲ್‌ಗ್ರಾಮ್, ರಾಬರ್ಟ್ ವಿಲ್ಸನ್ ಇಬ್ಬರಿಗೂ 2020ರಲ್ಲಿ ನೊಬೆಲ್ ಬಂತು. ನಮ್ಮ 2010ರ 3ಜಿ ಹರಾಜೂ ಹಲವು ಸುತ್ತುಗಳದ್ದೇ. ಎಷ್ಟು ಚೆಂದದ ವಿಷಯ ಅಲ್ವಾ!

ಪಿಎಚ್‌ಡಿ ಆಸೆಯಿದ್ದರೆ ಖಂಡಿತ ಸೇರಿ. ಮೈಕ್ರೊ (ಸೂಕ್ಷ್ಮ ಅರ್ಥಶಾಸ್ತ್ರ), ಗೇಮ್ ಥಿಯರಿ (ಒಬ್ಬರ ನಿರ್ಧಾರ ಇನ್ನೊಬ್ಬರ ನಡೆಯನ್ನು ಅವಲಂಬಿಸುವ ಸನ್ನಿವೇಶಗಳ ಅಧ್ಯಯನ) ಗಟ್ಟಿಯಿರಬೇಕು. ಹೆಸರು ಕೊಡುವ ಮುಂಚೆ ಮೇಷ್ಟ್ರ ಹತ್ತಿರ ಓದಬೇಕಾದ ಪ್ರಬಂಧಗಳ ಪಟ್ಟಿ ಕೇಳಿ ಪಡೆಯಿರಿ.